ಕಾರು ಎತ್ತರವಾದದ್ದು ಒಂದೇ ಬೆರಳು

ತೊಣ್ಣೂರು ಕೆರೆ ಏರಿಯಿಂದ ರಸ್ತೆ ಇಳಿದು ತಿರುಗುವಲ್ಲಿ, ನಾಲೆಯ ಮೋರಿಕಟ್ಟೆಯ ಪಕ್ಕ ನಾನು ನಿಂತಿದ್ದೆ. ಮೂರು ವರ್ಷದ ಹಿಂದೆ, ಯುಗಾದಿಯ ಮಾರನೆಯ ದಿನದ ಹೊಸತೊಡಕಿನ ಬೆಳಿಗ್ಗೆ. ಊರಲ್ಲಿ ಗುಡ್ಡೆಬಾಡು ಹಂಚಿ ಮುಗಿದಿತ್ತು. ನಮ್ಮ ಪಾಲಿನ ಮಾಂಸದ ಚೀಲ ನನ್ನ ಕೈಯಲ್ಲಿತ್ತು. ಮೋರಿಯ ಕೆಳಗೆ ಒಬ್ಬರು ಎಮ್ಮೆ ತೊಳೆಯುತ್ತಿದ್ದರು.

ಮೊದಲು ಕೇಳಿಸಿದ್ದು ಕರ್‍ರೆಂಬ ಸದ್ದು. ರಸ್ತೆ ತಗ್ಗಾದಲ್ಲೆಲ್ಲ ಅದು ಬರುತ್ತಿತ್ತು, ಮಟ್ಟವಾದಲ್ಲಿ ನಿಲ್ಲುತ್ತಿತ್ತು. ಆಮೇಲೆ ನಮ್ಮದೇ ಕಾರು ಕಂಡಿತು. ಓಡಿಸುತ್ತಿದ್ದವರು ಅತ್ತಿಗೆ. ನಾಗಮಂಗಲದ ತವರಿನಿಂದ ತಾಯಿಯನ್ನೂ ಇಬ್ಬರು ಚಿಕ್ಕಮ್ಮಂದಿರನ್ನೂ ಹಬ್ಬದೂಟಕ್ಕೆ ಕರೆತರುತ್ತಿದ್ದರು. ಮೂವರೂ ಹಿಂದಿನ ಸೀಟಿನಲ್ಲಿದ್ದರು, ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ. ಕಾರು ನಿಧಾನವಾಗಿಯೇ ಬರುತ್ತಿತ್ತು. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ತಿರುವಿನಲ್ಲಿ ಎಡಗಡೆಯ ಹಿಂದಿನ ಟೈರು ಸಿಡಿಯಿತು. ಕಾರಿನ ಹಿಂಭಾಗ ನಾಲೆಯ ಕಡೆಗೆ, ಅಂದರೆ ನನ್ನ ಕಡೆಗೆ, ಜಾರಿತು. ಅತ್ತಿಗೆ ಬ್ರೇಕು ತುಳಿಯದೆ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಕಾರನ್ನು ರಸ್ತೆ ಬದಿಯ ಹೊಂಗೆ ಮರಕ್ಕೆ ಒರಗಿಸಿ ನಿಲ್ಲಿಸಿದರು. ಅವರ ಮಣಿಕಟ್ಟು ಉಳುಕಿತು, ಬೇರೆ ಯಾರಿಗೂ ಏನೂ ಆಗಲಿಲ್ಲ. ಚೀಲ ಮಾತ್ರ ನನ್ನ ಕೈಯಿಂದ ಬಿದ್ದಿತ್ತು.

ಆ ಟೈರುಗಳ ವಿಷಯ ಹೇಳಬೇಕು. ನಮ್ಮೂರಿನ ರಸ್ತೆಯ ಹಂಪುಗಳಿಗೆಲ್ಲ ಕಾರಿನ ಹೊಟ್ಟೆ ಉಜ್ಜುತ್ತದೆಂದು ಅಣ್ಣ ಕೆ.ಆರ್. ಪೇಟೆಗೆ ಹೋಗಿ ದೊಡ್ಡ ಗಾಡಿಯ ಟೈರುಗಳನ್ನು ಹಾಕಿಸಿದ್ದ. ಅಲ್ಲಿಂದ ನೇರ ಗಂಜಾಮಿನ ದೇವಸ್ಥಾನಕ್ಕೆ ಹೋಗಿ, ಅಮ್ಮನವರ ಮುಂದೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದ. ಮನೆ ಮುಂದೆ ಖಾಲಿ ಕಾರಿನ ಅಡಿಗೆ ಕೈ ತೂರಿಸಿ, "ನೋಡ್ಲಾ, ಕೋಳಿ ಮರಿ ಕರ್ಕಂಡ್ ಓಗ್ಬೋದು" ಎಂದು ನಕ್ಕ. ವಾರದೊಳಗೆ ಅತ್ತಿಗೆ ಹೇಳಿದ್ದರು, "ಜನ ಕುಂತ್ರೆ ಇಂದ್ಗಡೆ ಕರ್‍ರ್ ಅಂತದೆ ಕಣ್ರೀ." ಅಣ್ಣನ ಉತ್ತರ: "ಒಸಾ ಟೈರು, ಸವೀಲಿ ಬುಡು."

ಟೈರಿನ ಎತ್ತರ ಎರಡು ಬೆರಳು ಹೆಚ್ಚಿದರೆ ಕಾರು ಏಳುವುದು ಒಂದೇ ಬೆರಳು. ಇನ್ನೊಂದು ಬೆರಳು ಮೇಲಕ್ಕೆ, ಮಡ್‌ಗಾರ್ಡಿನ ಒಳಗೆ ನುಗ್ಗುತ್ತದೆ. ಜನ ಕುಳಿತಾಗ ಸ್ಪ್ರಿಂಗು ಮೊದಲಿನಷ್ಟೇ ಕುಗ್ಗುತ್ತದೆ, ಆದರೆ ಕುಗ್ಗಲು ಇದ್ದ ಜಾಗವನ್ನು ಟೈರು ತಿಂದಿರುತ್ತದೆ. ಮರದ ಬುಡದಲ್ಲೇ ನಾನು ಬಗ್ಗಿ ನೋಡಿದೆ. ಮಡ್‌ಗಾರ್ಡಿನ ಒಳಅಂಚು ಉಜ್ಜಿ ಉಜ್ಜಿ ಕುಡುಗೋಲಿನಂತೆ ಹೊಳೆಯುತ್ತಿತ್ತು. ಟೈರಿನ ಮೇಲೆ ಅದೇ ಅಂಚು ಕೊರೆದ ಗೆರೆ ಸುತ್ತಲೂ ಇತ್ತು. ಸ್ಟೆಪ್ನಿ ಹಳೇ ಅಳತೆಯದು. ಅದನ್ನು ಹಾಕಿದಾಗ ಕಾರು ಎಡಕ್ಕೆ ವಾಲಿತು. ಹಾಗೆಯೇ ಮೆಲ್ಲಗೆ ಮನೆಗೆ ತಂದೆವು.

ಮನೆಯಲ್ಲಿ ಊಟಕ್ಕೆ ಮೊದಲೇ ತೀರ್ಪಾಗಿತ್ತು. "ಎಂಗುಸ್ರ ಕೈಗೆ ಕಾರ್ ಕೊಟ್ರೆ ಇನ್ನೇನ್ಲಾ ಆದದು?" ಎಂದರು ಜಗಲಿ ಮೇಲಿದ್ದ ದೊಡ್ಡಪ್ಪ. ಅಣ್ಣ ಕೀಲಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದ. ಅತ್ತಿಗೆಗೆ ಪಾಂಡವಪುರದಲ್ಲಿ ರವಿಕೆ ಹೊಲಿಯುವ ಅಂಗಡಿಯಿದೆ. ಹೊತ್ತಿಗೆ ಸರಿಯಾದ ಬಸ್ಸಿಲ್ಲ. ಆ ಕೀಲಿ ಹೋದರೆ ಅಂಗಡಿಯೂ ಹೋದಂತೆ. ಅವರು ಒಲೆಯ ಮುಂದೆ ಕೂತು, ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ತಟ್ಟೆ ಮುಟ್ಟಲಿಲ್ಲ.

"ನಾನ್ ಕಂಡಿದೀನಿ ಕಣಣ್ಣ. ಟೈರಿಂದ ಆಗಿದ್ದು," ಎಂದೆ.

"ಸುಮ್ಕಿರ್ಲಾ, ನೆಂಟ್ರ ಮುಂದೆ ಮಾನ ಕಳೀಬ್ಯಾಡ."

"ನಿನ್ ಮಾನ ಉಳಿಯಕ್ಕೆ ಅತ್ಗೆ ಅಂಗಡಿ ಮುಚ್ಬೇಕಾ? ದೊಡ್ಡಪ್ಪಾ, ಬಾ. ಬಲಗಡೆ ದೊಡ್ ಟೈರು ಇನ್ನೂ ಅಂಗೇ ಅದೆ. ಬೆಳ್ಳು ಇಟ್ ನೋಡು."

ದೊಡ್ಡಪ್ಪ ಗೊಣಗುತ್ತಲೇ ಬಂದು ಕುಕ್ಕರಗಾಲಲ್ಲಿ ಕೂತರು. ಕಾರು ಖಾಲಿಯಿತ್ತು, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ಸಲೀಸಾಗಿ ಹೋಯಿತು. ಅಕ್ಕಿ ಮೂಟೆಗಳು ಇನ್ನೂ ಡಿಕ್ಕಿಯಲ್ಲೇ ಇದ್ದವು ಎಂದು ಆಮೇಲೆ ನೆನಪಾಯಿತು, ಪೂರಾ ಖಾಲಿಯಲ್ಲ. ದೊಡ್ಡಪ್ಪ ಬೆರಳು ತೆಗೆಯುವ ಮೊದಲೇ, ಊಟ ಮುಗಿಸಿದ ಮೂವರು ನೆಂಟರನ್ನು ಹಿಂದೆ ಕೂರಿಸಿದೆ.

"ಅಯ್ಯೋ, ತೆಗೀರ್ಲಾ! ಬೆಳ್ಳು ಸಿಕ್ಕಾಕ್ಕಂತು! ಇಳೀರ್ಲೇ ಬಾಡು ತಿಂದ್ ಬಡ್ಡೆತ್ತವ!"

ಎಲ್ಲರೂ ತಡೆಯಲಾರದೆ ನಕ್ಕರು. ಅಣ್ಣ ನಗಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದ ಅತ್ತಿಗೆ ಅವನ ಮುಂದೆ ಎಡಗೈ ಚಾಚಿ ನಿಂತರು. ಅವನು ಕೀಲಿ ಕೊಡುವವರೆಗೂ ಕೈ ಇಳಿಸಲಿಲ್ಲ.

ಅಣ್ಣ ಮಾರನೆಯ ವಾರ ಹಳೇ ಅಳತೆಯ ಟೈರುಗಳನ್ನೇ ಹಾಕಿಸಿದ. ಆದರೂ ಮದುವೆ ಮನೆಗಳಲ್ಲಿ ಈಗಲೂ ಹೆಂಗಸು ಓಡಿಸಿದ್ದಕ್ಕೆ ಹಾಗಾಯಿತು ಎನ್ನುತ್ತಾನೆ. ಹೇಳಲಿ. ಹೇಳಿದಷ್ಟು ಸಲವೂ ನಾನು ಎದ್ದು ಅಲ್ಲ ಎನ್ನುತ್ತೇನೆ. ಅತ್ತಿಗೆ ದಿನವೂ ಅದೇ ತಿರುವಿನಲ್ಲಿ ಅದೇ ಕಾರು ಓಡಿಸುತ್ತಾರೆ.

ಬೆರಳು ಸಿಕ್ಕಿಸಿಕೊಂಡ ದೊಡ್ಡಪ್ಪ ಈಗಿಲ್ಲ. ಸಾಕ್ಷಿ ಹೇಳಲು ಅತ್ತಿಗೆಯ ತಾಯಿ ಇದ್ದಾರೆ, ಇಬ್ಬರು ಚಿಕ್ಕಮ್ಮಂದಿರೂ ಇದ್ದಾರೆ. ಮೋರಿಯ ಕೆಳಗೆ ಎಮ್ಮೆ ತೊಳೆಯುತ್ತಿದ್ದವರೂ ಇದ್ದಾರೆ. ಟೈರು ಉಜ್ಜುವ ಆ ಸದ್ದನ್ನು ಅವರು ನನಗಿಂತ ಮೊದಲೇ ಕೇಳಿ ತಲೆ ಎತ್ತಿದ್ದರು.