ಉಸಿರು ಹಿಡಿದು ಎಳೆದ ಗೆರೆ

ಎಡಗಣ್ಣಿನ ಗೆರೆ ಮುಗಿದಿದೆ, ಬಲಗಣ್ಣಿನದು ಅರ್ಧಕ್ಕೆ ಬಂದಿದೆ. ಗೆರೆ ಆಂಟಿ ಹಣೆಗೆ ಕಟ್ಟಿಕೊಂಡ ಪುಟ್ಟ ದೀಪವನ್ನು ಮೊಣಕೈಯಿಂದ ಸರಿಪಡಿಸಿಕೊಂಡು ಯಂತ್ರದ ಸೂಜಿಯನ್ನು ರೆಪ್ಪೆಗೂದಲಿನ ಬುಡಕ್ಕೆ ತರುತ್ತಾರೆ. ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ಎದುರಿಗೆ ಮಲಗಿರುವವರು ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದ ನರ್ಸ್.

“ಮಾತಾಡಬಹುದಾ ಆಂಟಿ?”

“ಧಾರಾಳವಾಗಿ. ನಗಬೇಡಿ ಅಷ್ಟೇ. ನಕ್ಕರೆ ಗೆರೆ ಕಿವಿಗೆ ಹೋಗುತ್ತೆ.”

ಕಾಡಿಗೆ ಹಚ್ಚಿದಂತೆ ಕಾಣುವ, ತೊಳೆದರೆ ಹೋಗದ ಗೆರೆಯನ್ನು ಹಚ್ಚೆಯ ಹಾಗೆ ಕಣ್ಣಂಚಿಗೆ ಕೂರಿಸುವುದು ಅವರ ಕಸುಬು, ಅದಕ್ಕೇ ಎಲ್ಲರಿಗೂ ಗೆರೆ ಆಂಟಿ. ಆಗಷ್ಟೇ ಎದ್ದವರ ರೆಪ್ಪೆ ಊದಿಕೊಂಡಿರುತ್ತದೆ. ಹಾಗಾಗಿ ಮುಂಜಾನೆಯ ಹೊತ್ತು ರಾತ್ರಿಯೆಲ್ಲ ಎಚ್ಚರವಿದ್ದವರಿಗೆ ಮೀಸಲು, ಉಳಿದವರು ಬಿಸಿಲೇರಿದ ಮೇಲೆ ಬರಬೇಕು. ದಿನಕ್ಕೆ ಮೂವರು, ನಾಲ್ಕನೆಯವರು ಕೈಮುಗಿದರೂ ಇಲ್ಲ. ಹೊಸ ಸೂಜಿಯ ಪೊಟ್ಟಣವನ್ನು ಬಂದವರ ಎದುರೇ ಹರಿಯುತ್ತಾರೆ. ದರ್ಜಿ ಅಂಗಡಿಯ ಮಹಡಿಯ ಮೇಲಿನ ಈ ಕೋಣೆಗೆ ಒಂದೇ ಕಿಟಕಿ. ಕೆಳಗಿನ ಹೊಲಿಗೆ ಯಂತ್ರ ಶುರುವಾದರೆ ನೆಲ ಸಣ್ಣಗೆ ನಡುಗುತ್ತದೆಂದು ದರ್ಜಿಯವರು ಇವರ ಕೆಲಸ ಮುಗಿಯುವವರೆಗೆ ಗುಂಡಿ ಹೊಲಿಯುತ್ತ ಕೂರುತ್ತಾರೆ.

“ಚೆಂದ ಕಾಣೋಕೆ ಬರ್ತಾರೆ ಅಂತ ಜನ ಅಂದ್ಕೋತಾರೆ,” ಎನ್ನುತ್ತಾರೆ ಆಂಟಿ. “ಅರ್ಧ ಜನ ಬರೋದು ಕನ್ನಡಿಲಿ ತಮ್ಮ ಗುರುತು ತಮಗೆ ಸಿಗಲಿ ಅಂತ. ಕಾಯಿಲೆ ಬಿದ್ದು ರೆಪ್ಪೆ ಉದುರಿದವರು, ಕನ್ನಡಕ ತೆಗೆದರೆ ಕಾಡಿಗೆ ಬರೆದುಕೊಳ್ಳೋಕೆ ಕಣ್ಣೇ ಕಾಣದವರು.”

ಆಂಟಿಗೆ ಗೆರೆ ಕಲಿಸಿದ್ದು ಶಾಲೆಯಲ್ಲ, ಅಕ್ಕ. ಚಿಕ್ಕಂದಿನಲ್ಲಿ ಹಿತ್ತಲ ಬಾಗಿಲಿನ ಬೆಳಕಿಗೆ ತಂಗಿಯನ್ನು ನಿಲ್ಲಿಸಿ, ಗಲ್ಲ ಹಿಡಿದೆತ್ತಿ, ಅಕ್ಕ ಕಾಡಿಗೆ ಬರೆಯುತ್ತಿದ್ದಳು. ತನ್ನ ಉಸಿರು ತಾನು ಹಿಡಿಯುತ್ತಿದ್ದಳು. ಗೆರೆ ಮುಗಿದಾಗ ಬಿಡುತ್ತಿದ್ದ ಆ ಬೆಚ್ಚನೆಯ ಉಸಿರು ತಂಗಿಯ ಕೆನ್ನೆಗೆ ತಾಗುತ್ತಿತ್ತು. “ಬರೆಯೋರು ಉಸಿರು ಬಿಟ್ರೆ ಗೆರೆ ಹಾವಾಗುತ್ತೆ ಕಣೇ,” ಅನ್ನುತ್ತಿದ್ದಳು. ತಂಗಿಯ ಗಂಡ ತೀರಿಕೊಂಡ ವರ್ಷ ಅದೇ ಅಕ್ಕ ತನ್ನ ಮನೆಯ ಮುಂದಿನ ಕೋಣೆ ಖಾಲಿ ಮಾಡಿಕೊಟ್ಟಳು. “ಇಲ್ಲಿ ಕೂತು ಕೆಲಸ ಮಾಡು. ಅಳೋದಿದ್ರೆ ಹಿತ್ತಲಲ್ಲಿ ಅಳು, ಗಿರಾಕಿ ಮುಂದೆ ಬೇಡ.” ಮುಖಕ್ಕೆ ಬಣ್ಣ ಬಳಿಯೋಳು ಅಂತ ಮೂಗು ಮುರಿದವರ ಮದುವೆಗಳಿಗೆಲ್ಲ ಆಮೇಲೆ ಇವರೇ ಬೇಕಾದರು.

ನರ್ಸ್ ಇಳಿದು ಹೋಗುವ ಮೆಟ್ಟಿಲಲ್ಲೇ ಇವತ್ತು ಅಕ್ಕ ಹತ್ತಿ ಬರುತ್ತಾರೆ. ಕಾಡಿಗೆ ಬರೆಯುತ್ತಿದ್ದ ಆ ಕೈ ಈಗ ನಡುಗುತ್ತದೆ. ಮನೆಯವರ ಕಣ್ಣೆಲ್ಲ ಬರೆದವರಿಗೆ ತಮ್ಮದೇ ಕಣ್ಣು ಬರೆದುಕೊಳ್ಳಲು ಆಗುತ್ತಿಲ್ಲ.

“ಮುಂದಿನ ವಾರ ಶಾಲೆ ಗೆಳತಿಯರೆಲ್ಲ ಸೇರ್ತಿದೀವಿ. ಅವರಿಗೆ ನನ್ನ ಹೆಸರು ಮರೆತಿರಬಹುದು, ಕಣ್ಣು ಮರೆತಿರಲ್ಲ. ಸೂಜಿ ಹಾಕೇಬಿಡು.”

“ಕಣ್ಣಿಗೆ ಏನಾದ್ರೂ ಹಚ್ತಿದೀಯಾ?”

“ಏನಿಲ್ಲಮ್ಮ.”

ಒದ್ದೆ ಹತ್ತಿಯಿಂದ ರೆಪ್ಪೆ ಒರೆಸಿ, ಭೂತಗನ್ನಡಿ ಹಿಡಿದು ಆಂಟಿ ಬಾಗುತ್ತಾರೆ. ಅಂಚು ತಿಳಿಗೆಂಪಾಗಿದೆ. ರೆಪ್ಪೆಗೂದಲು ಉದುರಿ ಬೋಳಾಗಿದ್ದ ಜಾಗದಲ್ಲಿ ಎಳೆಗೂದಲು, ಒಂದು ಉದ್ದ, ಒಂದು ಗಿಡ್ಡ.

“ಅಕ್ಕಾ.”

“ಸೊಸೆ ತಂದುಕೊಟ್ಳು. ರೆಪ್ಪೆ ಬೆಳೆಯೋ ಸೀರಮ್ಮು. ಮಾತ್ರೆ ಅಲ್ಲ, ಇಂಜೆಕ್ಷನ್ ಅಲ್ಲ, ಬ್ರಷ್ಷಲ್ಲಿ ಸವರೋದು. ಅದೂ ಒಂದು ಔಷಧಿನಾ?”

ಹೀಗೆ ಅಂದುಕೊಂಡೇ ಎಲ್ಲರೂ ಮುಚ್ಚಿಡುತ್ತಾರೆ. ಅಂಥ ಸೀರಮ್ ಹಚ್ಚಿದ ಅಂಚು ಕೆರಳಿದ ಚರ್ಮದಂತೆ. ಸೂಜಿ ತಾಗಿದರೆ ರಕ್ತ ಒಸರಬಹುದು, ಬಣ್ಣ ನಿಲ್ಲದೆ ಹೋಗಬಹುದು, ಇಲ್ಲವೇ ಒಳಗೇ ಹರಡಿ ಕಣ್ಣ ಸುತ್ತ ನೀಲಿ ನೆರಳು ಕೂರಬಹುದು. ಎರಡೂ ಬೇಕೆಂದರೆ ಸರದಿಯಲ್ಲಿ ಬೇಕು: ಮೊದಲು ಸೀರಮ್ ನಿಲ್ಲಿಸಿ ಒಂದೆರಡು ತಿಂಗಳು ಕಾಯುವುದು, ಕಣ್ಣಿನ ಡಾಕ್ಟರ ಒಪ್ಪಿಗೆ ಪಡೆಯುವುದು, ಆಮೇಲೆ ಗೆರೆ. ಗೆರೆಯ ಗಾಯ ಪೂರ್ತಿ ಮಾಗಿ, ಡಾಕ್ಟರು ಹೂಂ ಅಂದ ಮೇಲೆಯೇ ಮತ್ತೆ ಸೀರಮ್.

“ಇವತ್ತು ಆಗಲ್ಲ ಅಕ್ಕ.”

“ನಾನು ಯಾವತ್ತಾದ್ರೂ ನಿನ್ನ ಹತ್ರ ಏನಾದ್ರೂ ಕೇಳಿದೀನಾ?”

ಆಂಟಿ ಭೂತಗನ್ನಡಿ ಕೆಳಗಿಡುತ್ತಾರೆ. ಕೇಳಿಲ್ಲ. ಈ ಕೈಗೆ ಕೆಲಸ ಕೊಟ್ಟವಳು ಮೊದಲ ಬಾರಿ ಕೇಳುತ್ತಿದ್ದಾಳೆ.

“ಕೇಳಿಲ್ಲ. ಅದಕ್ಕೇ ಕೆಡಿಸಿ ಕೊಡೋಕೆ ಮನಸ್ಸು ಬರ್ತಿಲ್ಲ.”

ಅಕ್ಕ ಮುಖ ತಿರುಗಿಸಿ ಚಪ್ಪಲಿ ಹುಡುಕುತ್ತಾರೆ. ಆಂಟಿ ಎರಡೂ ಚಪ್ಪಲಿಗಳನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳುತ್ತಾರೆ.

“ಮುಂದಿನ ವಾರ ಬೆಳಿಗ್ಗೆ ನಾನೇ ನಿಮ್ಮನೆಗೆ ಬಂದು ಬರೀತೀನಿ. ಕಾಡಿಗೆ ಪೆನ್ಸಿಲಲ್ಲಿ, ನೀನು ಬರೀತಿದ್ದ ಹಾಗೆ. ಈಗ ಒಂದ್ಸಲ ನೋಡು. ಹಿಡಿಸದಿದ್ರೆ ಒರೆಸಿ ಹಾಕು.”

ಗಲ್ಲ ಹಿಡಿದೆತ್ತಿ ಕಿಟಕಿಯ ಬೆಳಕಿಗೆ ತಿರುಗಿಸುತ್ತಾರೆ. ಮುಚ್ಚಿದ ರೆಪ್ಪೆಯಡಿ ಗುಡ್ಡೆ ಅಲುಗುತ್ತಿದೆ. ಆಂಟಿ ಉಸಿರು ಹಿಡಿಯುತ್ತಾರೆ. ಒಳ ಮೂಲೆಯಿಂದ ಹೊರ ಮೂಲೆಗೆ ಒಂದೇ ಎಳೆತ. ಆಮೇಲೆ ಉಸಿರು ಬಿಡುತ್ತಾರೆ.

“ಅಯ್ಯೋ, ಬಿಸಿ!” ಅಕ್ಕ ಕೆನ್ನೆ ಮುಟ್ಟಿಕೊಂಡು ನಗುತ್ತಾರೆ. ಕನ್ನಡಿ ಕೊಟ್ಟರೆ ಬಹಳ ಹೊತ್ತು ಕೆಳಗಿಡುವುದಿಲ್ಲ. “ಇದ್ದಾಳಲ್ಲೇ ಇವಳು ಇನ್ನೂ,” ಅನ್ನುತ್ತಾರೆ. ಮತ್ತೆ ತಮ್ಮ ಬೆರಳುಗಳನ್ನು ನೋಡಿಕೊಂಡು, “ಹೇಳದೆ ಕೇಳದೆ ಹೋಯ್ತು ಕಣೇ ಈ ಕೈ. ಕೊನೇ ಗೆರೆ ಯಾರಿಗೆ ಬರೆದೆ ಅಂತಾನೇ ನೆನಪಿಲ್ಲ.”

ಅಕ್ಕ ಮೆಟ್ಟಿಲಿಳಿಯುತ್ತಾರೆ. “ಎರಡು ತಿಂಗಳಾದ್ಮೇಲೆ ಸೂಜಿ! ಜಾರಿಕೊಂಡ್ರೆ ಬಿಡಲ್ಲ!” ಎಂದು ಕೆಳಗಿನಿಂದ ಕೂಗುತ್ತಾರೆ. ದರ್ಜಿಯವರ ಯಂತ್ರ ಕಟಕಟ ಶುರುವಾಗುತ್ತದೆ.

ಗೆರೆ ಆಂಟಿ ಬಲಗೈ ಬೆರಳುಗಳನ್ನು ಬೆಳಕಿಗೆ ಚಾಚಿ ನೋಡುತ್ತಾರೆ. ಅಲುಗಾಟವಿಲ್ಲ. ಇನ್ನೂ ಹೇಳಿದ ಮಾತು ಕೇಳುತ್ತವೆ. ಆದರೆ ಭೂತಗನ್ನಡಿಯನ್ನು ಕಳೆದ ವರ್ಷ ದಪ್ಪನೆಯದಕ್ಕೆ ಬದಲಾಯಿಸಿದ್ದಾಗಿದೆ. ಸಂಜೆಗೆ ಹೆಬ್ಬೆರಳ ಬುಡ ಮಂದವಾಗುತ್ತದೆ. ಕೊನೆಯ ಗೆರೆ ಯಾರದೆಂದು ತಮಗಾದರೂ ಗೊತ್ತಿರಬೇಕು; ಎರಡು ತಿಂಗಳಾಚೆಯ ಅಕ್ಕನದೇ ಆಗಲಿ.

ಫೋನ್ ಬರುತ್ತದೆ. ಯಾರೋ ಮೂರು ತಿಂಗಳಾಚೆಗೆ ಸಮಯ ಕೇಳುತ್ತಾರೆ.

“ಅಷ್ಟು ದೂರದ್ದು ಈಗ ಹಿಡಿಯೋದು ಬೇಡ ಬಿಡಿ,” ಎನ್ನುತ್ತಾರೆ ಗೆರೆ ಆಂಟಿ. ಫೋನ್ ಇಡುತ್ತಾರೆ. ಅಕ್ಕನ ಕಾಡಿಗೆ ಹತ್ತಿದ ಬೆರಳನ್ನು ತೊಳೆಯದೆ, ಮಧ್ಯಾಹ್ನದವರಿಗಾಗಿ ಮಂಚಕ್ಕೆ ಹೊಸ ಹಾಳೆ ಹಾಸತೊಡಗುತ್ತಾರೆ.