ಖಾಲಿ ತೊಡೆಯ ಜೀವತಿ

ಬೀರುವಿನ ಹಿಂದಿನಿಂದ ಎಳೆದಾಗ ಮೊದಲು ಕೈಗೆ ತಾಗಿದ್ದು ಮೂಲೆಗಳಲ್ಲಿ ಒಣಗಿ ಗಟ್ಟಿಯಾಗಿದ್ದ ಮೈದಾ ಅಂಟು. ನಾನು ಹುಡುಕುತ್ತಿದ್ದುದು ಚಿತ್ರ ಬರೆಯುವ ರಟ್ಟನ್ನು, ಸಿಕ್ಕಿದ್ದು ಸುತ್ತಿಟ್ಟ ಹಳೆಯ ಕಾಗದ. ಬಿಚ್ಚಿದೆ. ಅರಿಶಿನ ಕುಂಕುಮದ ಕಲೆ, ತುಪ್ಪದ ಜಿಡ್ಡು, ನಡುವೆ ಜೀವತಿ. ಅವಳ ತೊಡೆ ಖಾಲಿ. ಅಲ್ಲಿ ಒಂದು ಕೂಸಿನ ಪೆನ್ಸಿಲ್ ಗೆರೆ ಮಾತ್ರ ಮಸುಕಾಗಿ ಉಳಿದಿತ್ತು. ಬರೆದವಳು ನಾನೇ.

ಶ್ರಾವಣದ ಶುಕ್ರವಾರಗಳಂದು ನಮ್ಮ ಕಡೆಯ ತಾಯಂದಿರು ಮಕ್ಕಳ ಆಯುಷ್ಯಕ್ಕಾಗಿ ಜೀವತಿ ದೇವಿಯ ಪಟವನ್ನು ಗೋಡೆಗೆ ಹಚ್ಚಿ ಪೂಜೆ ಮಾಡುತ್ತಾರೆ. ತೊಡೆಯ ಮೇಲೊಂದು ಕೂಸು, ಸುತ್ತ ಆಡುವ ಮಕ್ಕಳು. ಪೂಜೆ ಮುಗಿದ ಮೇಲೆ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಹೂರಣದಲ್ಲೇ ಮಾಡಿದ ಪುಟ್ಟ ದೀಪಗಳಿಂದ ಆರತಿ ಎತ್ತುತ್ತಾರೆ. ಮಕ್ಕಳು ಮನೆಯಲ್ಲಿಲ್ಲದಿದ್ದರೆ ನಾಲ್ಕೂ ದಿಕ್ಕಿಗೆ ಅಕ್ಷತೆ ಹಾಕುತ್ತಾರೆ, ಎಲ್ಲಿದ್ದರೂ ಅವರ ತಲೆಯ ಮೇಲೆ ಬೀಳಲಿ ಎಂದು.

ಹೈದರಾಬಾದಿನಲ್ಲಿ ಅಚ್ಚಿನ ಪಟ ಸಿಗದ ಒಂದು ವರ್ಷ ನಾನೇ ಕೈಯಿಂದ ಬರೆದು ಗೋಡೆಗೆ ಹಚ್ಚಿದೆ. ನೋಡಿದವರು ತಮಗೂ ಬೇಕೆಂದರು, ಆಮೇಲೆ ಅವರ ನಾದಿನಿಯರು, ಅವರ ಬೀಗರು… ಹೀಗೆ ನನ್ನ ಉಪಕಸುಬು ಶುರುವಾಯಿತು. ಹಗಲೆಲ್ಲ ಬೇಗಂಪೇಟೆಯ ಆಫೀಸಿನಲ್ಲಿ ಗುಮಾಸ್ತೆ, ಸಂಜೆ ಕಲಾವಿದೆ, ಉಳಿದ ವೇಳೆಯಲ್ಲಿ ತಾಯಿ. ಉಳಿದ ವೇಳೆ ಎಂಬುದು ಇರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಗಂಡನದು ಊರೂರು ತಿರುಗುವ ನೌಕರಿ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅವರು ನನ್ನನ್ನು ನೋಡಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಯಾಕೆಂದರೆ ಮಾತು ನಿಜವಾಗಿತ್ತು.

ನಾನು ಹೀಗೆ ನಡೆಸಿಕೊಂಡು ಹೋದದ್ದು ಕೆಳಗಿನ ಮನೆಯ ಹಿರಿಯ ಹೆಂಗಸು ಕಾಕೂ ಅವರ ಬಲದಿಂದ. ನಾರಾಯಣಗೂಡದ ನಮ್ಮ ಹಳೆಯ ಕಟ್ಟಡದಲ್ಲಿ ಕನ್ನಡ ಮಾತಾಡುವವರು ನಾವೆರಡೇ ಮನೆ. ಕಾಕೂ ಕಲಬುರಗಿ ಕಡೆಯವರು. ಗಂಡ ತೀರಿಹೋಗಿದ್ದರು, ಮಕ್ಕಳಾಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನ ಮಗಳು ಅಜ್ಜಿ ಅಜ್ಜಿ ಎನ್ನುತ್ತ ಬರುತ್ತಿದ್ದುದು ಅವರ ಮನೆಗೆ. ನಾನು ಆಫೀಸಿನಿಂದ ಬಂದು ಮೇಲೆ ಹೋಗಿ ಬಣ್ಣದ ಬಟ್ಟಲುಗಳ ಮುಂದೆ ಕೂರುತ್ತಿದ್ದೆ, ಮಗಳು ಕೆಳಗೆ ಊಟವನ್ನೂ ಮುಗಿಸಿ ಮೇಲೆ ಬರುತ್ತಿದ್ದಳು. ಶ್ರಾವಣದಲ್ಲಂತೂ ನಾನು ಅವಳ ಮುಖವನ್ನು ಸರಿಯಾಗಿ ನೋಡಿದ್ದೇ ಕಡಿಮೆ.

ಮಗಳಿಗೆ ಏಳು ವರ್ಷವಿದ್ದಾಗ, ಶ್ರಾವಣ ಇನ್ನೇನು ಬರುತ್ತದೆ ಎನ್ನುವಾಗ, ಕಾಕೂ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು.

"ತಂಗಿ, ಈ ಸಲ ನನಗೂ ಒಂದು ಜೀವತಿ ಬರದು ಕೊಡು. ಸಣ್ಣದಿದ್ರೂ ನಡೀತದ."

ಮಕ್ಕಳಿಲ್ಲದ ಮನೆಯಲ್ಲಿ ಜೀವತಿ ಹಚ್ಚುವುದನ್ನು ನಾನು ಕಂಡಿರಲಿಲ್ಲ. ನನ್ನ ಮುಖ ನೋಡಿಯೇ ಅವರಿಗೆ ಅದು ತಿಳಿಯಿತು.

"ನಿಮಗ ಯಾರಿದ್ದಾರ ಅಂತ ಕೇಳಬ್ಯಾಡ. ದಿನಾ ನನ್ನ ಮನ್ಯಾಗ ಉಣ್ತಾಳಲ್ಲ, ಆಕೀ ಸಲುವಾಗಿ."

"ಆರ್ಡರ್ ಒಂದಿಷ್ಟು ಮುಗೀಲಿ ಕಾಕೂ, ನಿಮ್ಮದು ಭಾಳ ಚಂದ ಬರೀತೀನ್ರಿ" ಅಂದೆ.

ಆರ್ಡರ್ ಮುಗಿಯುವುದುಂಟೇ! ಮೊದಲ ಶುಕ್ರವಾರ ಹೋಯಿತು, ಎರಡನೆಯದೂ ಹೋಯಿತು. ಜೀವತಿಯ ಬೆನ್ನಿಗೆ ಗೋಕುಲಾಷ್ಟಮಿಯ ಕೃಷ್ಣ ಬಂದ, ಅವನ ಬೆನ್ನಿಗೆ ಗೌರಿಯ ಮುಖಗಳಿಗೆ ಬಣ್ಣ ಹಚ್ಚುವ ಕೆಲಸ. ಕಾಕೂ ಮತ್ತೆ ಕೇಳಲಿಲ್ಲ. "ಅಜ್ಜಿ ಗೋಡಿ ತೊಳದು ಜಾಗಾ ಬಿಟ್ಟಾಳ" ಎಂದು ಮಗಳು ಮಾತ್ರ ಪ್ರತಿ ವಾರ ಹೇಳುತ್ತಿದ್ದಳು. ಅವಳ ಮೇಲೂ ರೇಗಿದೆ. ಮನೆಯವರ ಕೆಲಸಕ್ಕೆ ಯಾವಾಗಲೂ ಕೊನೆಯ ಸರದಿ… ಅವರು ಕಾಯುತ್ತಾರೆ ಎಂಬ ಧೈರ್ಯ ನಮಗೆ.

ಮೊದಲ ಶುಕ್ರವಾರ ತಪ್ಪಿದವರು ಕೊನೆಯದಕ್ಕಾದರೂ ಪಟ ಬೇಕೆಂದು ಕೇಳಿದ್ದರು, ಹನ್ನೊಂದು ಜನ. ಕಾಕೂ ಅವರದು ಹನ್ನೆರಡನೆಯದು. ನಾನು ಒಂದೊಂದೇ ಪಟ ಮುಗಿಸುತ್ತಿರಲಿಲ್ಲ. ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹಾಸಿ, ಮೊದಲು ಎಲ್ಲಕ್ಕೂ ಹಳದಿ, ಆಮೇಲೆ ಎಲ್ಲಕ್ಕೂ ಕೆಂಪು, ಹೀಗೆ ಹೋಗುತ್ತಿದ್ದೆ. ಮಕ್ಕಳ ಮೈಬಣ್ಣವನ್ನು ಒಂದೇ ಬಟ್ಟಲಲ್ಲಿ ಕಲಸಿ ಕೊನೆಗೆ ಹಚ್ಚುವುದು, ಅದರಲ್ಲೂ ತೊಡೆಯ ಕೂಸು ಕಟ್ಟಕಡೆಗೆ. ಹನ್ನೆರಡನೆಯ ಪಟದಲ್ಲಿ ಸುತ್ತಲಿನ ಮಕ್ಕಳಿಗೆ ಬಣ್ಣ ಸಾಕಾಯಿತು, ಕೂಸಿಗೆ ಸಾಲಲಿಲ್ಲ. ಬೆಳಿಗ್ಗೆ ಕಲಸಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಮಗಳ ಡಬ್ಬಿ, ಆಫೀಸಿನ ಬಸ್ಸು, ಹನ್ನೊಂದು ಮನೆಯ ಪಟಗಳನ್ನು ಸುತ್ತುವುದು. ಕಾಕೂ ಅವರದನ್ನೂ ಹಾಗೇ ಸುತ್ತಿ, ಅವರ ಬಾಗಿಲಲ್ಲಿ ಮಗಳ ಕೈಗೆ ಕೊಟ್ಟು ಓಡಿದೆ.

ಸಂಜೆ ಬಂದಾಗ ಕೆಳಗಿನ ಬಾಗಿಲು ತೆರೆದಿತ್ತು. ಮಗಳು ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಕಾಕೂ ಆರತಿ ಎತ್ತುತ್ತಿದ್ದರು. ಗೋಡೆಯ ಮೇಲೆ ನನ್ನ ಪಟ. ಅದನ್ನು ಆಗ ನೋಡಿದೆ… ಮಕ್ಕಳಿಲ್ಲದ ಹೆಂಗಸಿಗೆ ನಾನು ಖಾಲಿ ತೊಡೆಯ ಜೀವತಿಯನ್ನು ಬರೆದು ಕೊಟ್ಟಿದ್ದೆ. ಹನ್ನೊಂದು ಮನೆಗಳಿಗೆ ಕೂಸು ಕೊಟ್ಟ ಕೈ ಅವರೊಬ್ಬರಿಗೇ ಕೊಟ್ಟಿರಲಿಲ್ಲ. ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸಿತು.

"ಕಾಕೂ, ಕೂಸು…"

"ನೋಡೀನಿ."

"ತಗದು ಕೊಡ್ರಿ, ಈಗಿಂದೀಗ ಬರದು ತರ್ತೀನಿ."

"ಹಚ್ಚಿದ ದೇವರನ್ನ ಯಾರರ ತಗೀತಾರೇನ? ಇರ್ಲಿ, ಮುಂದಿನ ವರ್ಷ ಬರಿ. ಈ ವರ್ಷದ ಕೂಸು ಮಣಿ ಮ್ಯಾಲ ಕೂತದಲ್ಲ." ಆಮೇಲೆ ನನ್ನನ್ನು ದಿಟ್ಟಿಸಿ ನೋಡಿದರು. "ಎಷ್ಟು ದಣದೀ, ಮಾರಿ ಬಾಡಿ ಹ್ಯಾಂಗಾಗ್ಯದ ನೋಡು. ಬಾ, ನೀನೂ ಆಕೀ ಬಾಜೂ ಕೂಡು. ನಿನಗೂ ಒಂದು ಆರತಿ ಮಾಡ್ತೀನಿ."

ಗೌರಿಯ ಮುಖಗಳು ಮೇಲೆ ಬಣ್ಣಕ್ಕಾಗಿ ಕಾಯುತ್ತಿದ್ದವು. "ಇವತ್ತ ಬ್ಯಾಡ್ರಿ ಕಾಕೂ, ಕೆಲಸ ಅದ" ಎಂದು ಮಗಳನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ. ಎರಡು ನಿಮಿಷದ ಕೆಲಸವಾಗಿತ್ತು ಅದು, ಕೂರುವುದು.

ಮುಂದಿನ ಶ್ರಾವಣದ ತನಕ ಅವರು ಉಳಿಯಲಿಲ್ಲ. ಬೇಸಿಗೆಯಲ್ಲಿ ಮೂರು ದಿನ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದೆವು, ತಿರುಗಿ ಬರಲಿಲ್ಲ. ಮನೆ ಖಾಲಿ ಮಾಡಲು ಬಂದ ಅವರ ಅಣ್ಣನ ಮಗ ಸುತ್ತಿದ ಕಾಗದವೊಂದನ್ನು ಕೊಟ್ಟು, "ಮ್ಯಾಲಿನ ಮನಿಯವರಿಗೆ ಕೊಡು ಅಂದಿದ್ರರಿ" ಎಂದರು. ನಾನು ಬಿಚ್ಚಲಿಲ್ಲ. ಬೀರುವಿನ ಹಿಂದೆ ಸರಿಸಿಬಿಟ್ಟೆ.

ಆಮೇಲಿನ ಶ್ರಾವಣಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಆರತಿ ಮಾಡಲಿಲ್ಲ. ನಾನು ಊರ ಮಕ್ಕಳಿಗೆ ಮೈಬಣ್ಣ ಹಚ್ಚುತ್ತಿದ್ದೆ, ಮಗಳು ಬೀಗ ತೆಗೆದುಕೊಂಡು ಒಬ್ಬಳೇ ಮನೆಗೆ ಬರುವುದನ್ನು ಕಲಿತಳು. ಒಂದು ಬದಲಾವಣೆ ಮಾಡಿಕೊಂಡೆ. ಈಗ ಯಾವ ಪಟವಾದರೂ ಮೊದಲು ತೊಡೆಯ ಕೂಸನ್ನು ಬರೆದು ಮುಗಿಸುತ್ತೇನೆ. ಯಾಕೆ ಹೀಗೆ ಎಂದು ಗಿರಾಕಿಗಳು ಕೇಳಿಲ್ಲ.

ಆ ಪಟ ಸಿಕ್ಕ ಈ ವರ್ಷ ಮೊದಲ ಶುಕ್ರವಾರಕ್ಕೆ ರಜೆ ಹಾಕಿದೆ. ಬಟ್ಟಲಲ್ಲಿ ಮೈಬಣ್ಣ ಬೇಕಾದಷ್ಟಿತ್ತು. ಕುಂಚ ಅದ್ದಿ ಕಾಕೂ ಅವರ ಪಟದ ತೊಡೆಯವರೆಗೆ ಒಯ್ದೆ, ಆಮೇಲೆ ತೊಳೆದಿಟ್ಟೆ. ಯಾರಿಗೋಸ್ಕರ ಬರೆಯಬೇಕಿತ್ತೋ ಅವರಿಲ್ಲ. ಇದ್ದ ಹಾಗೇ ಗೋಡೆಗೆ ಹಚ್ಚಿದೆ. ಹೂರಣ ರುಬ್ಬಿ ದೀಪ ಮಾಡಿದೆ. ಮಗಳು ಈಗ ಕಾಲೇಜಿನ ಹಾಸ್ಟೆಲಿನಲ್ಲಿ, ಊರಿನ ಇನ್ನೊಂದು ತುದಿಯಲ್ಲಿ. ಖಾಲಿ ಮಣೆಯ ಮುಂದೆ ಆರತಿ ಎತ್ತಿ ನಾಲ್ಕೂ ದಿಕ್ಕಿಗೆ ಅಕ್ಷತೆ ಹಾಕಿದೆ. ಅಷ್ಟು ವರ್ಷ ಕಾಕೂ ನನ್ನ ಮಗಳನ್ನು ಯಾವ ಮನಸ್ಸಿನಿಂದ ನೋಡಿಕೊಂಡಿದ್ದರೋ…

ಸಂಜೆ ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದಾಗ ಆರತಿಯ ಸುದ್ದಿ ಹೇಳಿದೆ.

"ಜೀವತಿ ಆರತಿ ಮಾಡಿದಿ? ನೀನ?" ಅವಳಿಗೆ ನಂಬಿಕೆಯಾಗಲಿಲ್ಲ.

"ಹೂಂ. ರಜಾ ಹಾಕಿದ್ದೆ."

"ಈಗ ಮನ್ಯಾಗ ನಾನ ಇಲ್ಲಲ್ಲಮ್ಮ" ಅಂದಳು, ಬೇಸರವಿಲ್ಲದೆ. ಆಮೇಲೆ ಊಟದ ಗಂಟೆಯಾಯಿತೆಂದು ಫೋನ್ ಇಟ್ಟಳು.