ಹೆಚ್ಚಿನ ಬೆರಳು

"ಬೆಳ್ಳಗಿರೋದೆಲ್ಲ ಹಾಲಲ್ಲ" ಎನ್ನುವುದು ನಮ್ಮ ದೊಡ್ಡಮ್ಮನ ಮಂತ್ರ. ಹಾಲನ್ನೂ ಅವಳು ಪೂರ್ತಿ ನಂಬಿದವಳಲ್ಲ. ಕೋಳಿಮರಿ ಮಾಡಿಸುವ ಹ್ಯಾಚರಿಯಲ್ಲಿ ಅವಳಿಗೆ ಒಪ್ಪುವ ಕೆಲಸವೇ ಸಿಕ್ಕಿತ್ತು. ಆಗತಾನೆ ಮೊಟ್ಟೆಯೊಡೆದ ಮರಿಗಳನ್ನು ಒಂದೊಂದಾಗಿ ಎತ್ತಿ ಕಾಲು ನೋಡುವುದು. ನಾಲ್ಕರ ಬದಲು ಐದು ಬೆರಳಿದ್ದರೆ ಬೆರಕೆ ತಳಿಯೆಂದು ಬೇರೆ ಬುಟ್ಟಿಗೆ ಹಾಕುವುದು. "ಹೊರಗಿನ ಹುಂಜ ಒಳಗೆ ಬಂದಿದೆ" ಎಂದು ಅವಳು ಹೇಳಿದರೆ ಮೇಸ್ತ್ರಿ ಬೇಲಿ ನೋಡಲು ಹೋಗುತ್ತಿದ್ದ. ಸಾಮಾನ್ಯವಾಗಿ ತೂತು ಇರುತ್ತಿತ್ತು.

ಹಾಗಾಗಿ ಮೊಮ್ಮಗ ಹುಟ್ಟಿದಾಗ ಅವಳು ಮುಖ ನೋಡಲಿಲ್ಲ, ಕೈ ನೋಡಿದಳು. ಬಲಗೈ ಹೆಬ್ಬೆರಳಿಗೆ ಅಂಟಿಕೊಂಡು ಇನ್ನೊಂದು ಪುಟ್ಟ ಹೆಬ್ಬೆರಳಿತ್ತು.

"ನಮ್ಮ ವಂಶದಲ್ಲಿ ಇದಿಲ್ಲ," ಎಂದಳು ಮಗನಿಗೆ, ಸೊಸೆಗೂ ಕೇಳುವ ಹಾಗೆ. "ಅವಳ ಕಡೆಯವರಿಗೂ ಐದೈದೇ. ಮತ್ತೆ ಎಲ್ಲಿಂದ ಬಂತು?"

ಅವಳ ಮಗ, ಅಂದರೆ ನನ್ನ ಅಣ್ಣ, ಒಳ್ಳೆಯವನೇ. ಆದರೆ ಹಿತ್ತಾಳೆ ಕಿವಿ. ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟ. ಅತ್ತಿಗೆ ಬ್ಯಾಗು ತುಂಬಿಸಿ ಬಾಗಿಲ ಬಳಿ ಇಟ್ಟಳು.

"ಡಾಕ್ಟರ್ ಹತ್ರ ಹೋಗೋಣ. ಆಮೇಲೂ ಅನುಮಾನ ಇದ್ರೆ ನಾನೇ ಮಗು ಕರ್ಕೊಂಡು ಹೊರಡ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ದೊಡ್ಡಮ್ಮನ ಎದುರು ಬಾಯಿ ಬಿಡುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ.

ದೊಡ್ಡಮ್ಮ ತನ್ನ ಕೋಳಿಮರಿಗಳ ಲೆಕ್ಕವನ್ನೆಲ್ಲ ಒಪ್ಪಿಸಿದ ಮೇಲೆ ಡಾಕ್ಟರಮ್ಮ ನಿಧಾನವಾಗಿ ಹೇಳಿದರು. "ಹೊಟ್ಟೆಯಲ್ಲಿರುವಾಗ ಕೈ ಅನ್ನೋದು ಮೊದಲು ಒಂದು ಮೊಗ್ಗು. ಅದರ ಕಿರುಬೆರಳಿನ ಕಡೆ ಮಾತ್ರ ಒಂದು ಜೀನ್ ಕೆಲಸ ಮಾಡ್ಬೇಕು. ಎಲ್ಲಿ ಯಾವ ಬೆರಳು ಅಂತ ತಿಳಿಸೋದು ಅದೇ. ಅದಕ್ಕೊಂದು ಸ್ವಿಚ್ ಇದೆ. ಸ್ವಿಚ್ಚಲ್ಲಿ ಚೂರು ಹೆಚ್ಚುಕಮ್ಮಿಯಾದ್ರೆ ಹೆಬ್ಬೆರಳಿನ ಕಡೆನೂ ಜೀನ್ ಎದ್ದುಬಿಡುತ್ತೆ. ಅಲ್ಲೊಂದು ಬೆರಳು ಹೆಚ್ಚು ಬರುತ್ತೆ. ನಿಮ್ಮ ಕೋಳಿಗಳಲ್ಲೂ ಹೀಗೇ."

"ನಾನೂ ಅದನ್ನೇ ಕೇಳ್ತಿರೋದು," ಎಂದಳು ದೊಡ್ಡಮ್ಮ. "ಯಾವ ಹುಂಜ?"

ಡಾಕ್ಟರಮ್ಮ ಎಲ್ಲರ ಕೈ ನೋಡಿದರು. ಅತ್ತಿಗೆಯದು, ಅಣ್ಣನದು, ಕೊನೆಗೆ ದೊಡ್ಡಮ್ಮನದು. ಅವಳ ಹೆಬ್ಬೆರಳ ಬುಡದಲ್ಲಿದ್ದ ಸಣ್ಣ ಗಂಟನ್ನು ಒತ್ತಿದರು.

"ಇದೇನಮ್ಮಾ?"

"ಚಿಕ್ಕವಳಿದ್ದಾಗ ಸುಟ್ಟಿದ್ದಂತೆ. ಅಮ್ಮ ಹೇಳ್ತಿದ್ಲು."

ಎಕ್ಸ್‌ರೇಯಲ್ಲಿ ಗಂಟಿನೊಳಗೆ ಅಕ್ಕಿಕಾಳಿನಷ್ಟು ಮೂಳೆ ಕಂಡಿತು.

"ಸುಟ್ಟ ಗಾಯದೊಳಗೆ ಮೂಳೆ ಎಲ್ಲಿಂದ ಬರುತ್ತೆ? ಇಲ್ಲೊಂದು ಬೆರಳಿತ್ತು. ದಾರ ಬಿಗಿದು ಬೀಳಿಸಿದಾರೆ. ನಿಮ್ಮ ಮಗನಲ್ಲಿ ಅದು ಹೊರಗೆ ಕಾಣಿಸ್ಲಿಲ್ಲ, ಮೊಮ್ಮಗನಲ್ಲಿ ಕಾಣಿಸ್ತು. ಹೀಗೆ ಒಂದು ತಲೆಮಾರು ಹಾರಿ ಬರೋದುಂಟು."

ಅಣ್ಣ ತಲೆ ತಗ್ಗಿಸಿ ಮಗುವಿಗೆ ಕೈ ಚಾಚಿದ. ಅತ್ತಿಗೆ ಕೊಡಲಿಲ್ಲ. ದೊಡ್ಡಮ್ಮ ಎಕ್ಸ್‌ರೇಯನ್ನೂ ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು.

"ಅಮ್ಮ ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ಲು?"

ಅತ್ತಿಗೆ ಮಗುವಿನ ಕೈಯನ್ನು ಸೆರಗಿನಲ್ಲಿ ಮುಚ್ಚುತ್ತ ಹೇಳಿದಳು: "ನಿಮ್ಮಮ್ಮನಿಗೂ ಒಬ್ಬ ಅತ್ತೆ ಇದ್ದಿರಬೇಕಲ್ಲ."